ಮೊದಲು ಯಾವ ಕೆಲಸ? ಊರು ಕೂಡಿ ತೀರ್ಮಾನಿಸುವ ಬಗೆ



ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಗಾದೆ ನಿಮಗೆ ಗೊತ್ತೇ ಇದೆ. ಎರಡೂ ಬಲವಾದ ಪ್ರಾಣಿಗಳೇ. ಆದರೆ ಒಂದು ಆ ಕಡೆ, ಒಂದು ಈ ಕಡೆ ಎಳೆದರೆ ನೇಗಿಲು ಮುಂದಕ್ಕೆ ಹೋಗುವುದಿಲ್ಲ. ಊರಿನ ಕೆಲಸಗಳ ಪಾಡೂ ಅನೇಕ ಕಡೆ ಹೀಗೆಯೇ ಆಗಿದೆ. ಸಂಘದಲ್ಲಿ ಹಣ ಇರುತ್ತದೆ, ಮಾಡುವ ಮನಸ್ಸೂ ಇರುತ್ತದೆ. ಯಾವುದನ್ನು ಮೊದಲು ಮಾಡಬೇಕು ಎಂಬಲ್ಲಿಗೆ ಬಂದಾಗ ಮಾತು ಮುರಿದುಬೀಳುತ್ತದೆ. ಇಲ್ಲವೆ, ಗಟ್ಟಿ ಗಂಟಲಿನ ಇಬ್ಬರು ಹೇಳಿದ್ದೇ ತೀರ್ಮಾನವಾಗಿ, ಮಿಕ್ಕವರು ಪಂಚೆ ಕೊಡವಿಕೊಂಡು ಎದ್ದು ಹೋಗುತ್ತಾರೆ. ಹಾಗೆ ಎದ್ದು ಹೋದವರು ನಾಳೆ ಕೆಲಸಕ್ಕೂ ಬರುವುದಿಲ್ಲ, ವಂತಿಗೆಯನ್ನೂ ಕೊಡುವುದಿಲ್ಲ. ಕಟ್ಟಿದ್ದನ್ನು ನೋಡಿಕೊಳ್ಳುವವರಿಲ್ಲದೆ ನಾಲ್ಕು ವರ್ಷದಲ್ಲಿ ಅದು ಹಾಳಾಗುತ್ತದೆ.

ಆದುದರಿಂದ ಇವತ್ತು ಗೊಬ್ಬರದ ಮಾತು ಬಿಟ್ಟು, ಬಿತ್ತನೆಯ ಮಾತು ಬಿಟ್ಟು, ಹತ್ತು ಜನ ಕೂಡಿ ಒಂದು ತೀರ್ಮಾನಕ್ಕೆ ಬರುವುದು ಹೇಗೆ ಎಂಬುದನ್ನು ಕುರಿತು ಹೇಳಬೇಕೆಂದಿದ್ದೇನೆ. ಇದಕ್ಕೆ ದೊಡ್ಡ ಓದು ಬೇಕಾಗಿಲ್ಲ. ನಾಲ್ಕು ಮಡಕೆ, ಒಂದಷ್ಟು ಹುಣಸೆ ಬೀಜ, ಒಂದು ಸಂಜೆಯ ಬಿಡುವು, ಇಷ್ಟಿದ್ದರೆ ಸಾಕು.

ಮೊದಲು ಒಂದು ಲೆಕ್ಕ ನೋಡೋಣ. ಇಪ್ಪತ್ತು ಮನೆಗಳ ಒಂದು ಸಂಘ ಎಂದಿಟ್ಟುಕೊಳ್ಳಿ. ಕೈಯಲ್ಲಿರುವ ಹಣ ಒಂದು ಕೆಲಸಕ್ಕೆ ಮಾತ್ರ ಸಾಲುತ್ತದೆ. ಮುಂದಿರುವ ಕೆಲಸಗಳು ನಾಲ್ಕು: ಕೆರೆಯ ಹೂಳೆತ್ತುವುದು, ಒಂದು ಕೊಳವೆ ಬಾವಿ ತೆಗೆಸುವುದು, ಹೊಲಗಳಿಗೆ ಹೋಗುವ ಬಂಡಿದಾರಿ ಸರಿಮಾಡುವುದು, ರಾಗಿ ಒಕ್ಕಲು ಒಂದು ಗಟ್ಟಿ ಕಣ ಮಾಡಿಸುವುದು. ಸಭೆಯಲ್ಲಿ ಕೈ ಎತ್ತಿಸಿದರು. ಕೊಳವೆ ಬಾವಿಗೆ 8 ಕೈ, ಕೆರೆಗೆ 5, ದಾರಿಗೆ 4, ಕಣಕ್ಕೆ 3. ‘ಸರಿ, ಕೊಳವೆ ಬಾವಿ ಗೆದ್ದಿತು’ ಅಂತ ಪುಸ್ತಕದಲ್ಲಿ ಬರೆದು ಸಭೆ ಮುಗಿಸಿದರು.

ನ್ಯಾಯವಾಗಿಯೇ ಕಾಣುತ್ತದೆ, ಅಲ್ಲವೆ? ಆದರೆ ಸ್ವಲ್ಪ ನಿಂತು ನೋಡಿ. ಎಂಟು ಮನೆಯವರು ಬೇಕೆಂದರು ಎಂದರೆ, ಹನ್ನೆರಡು ಮನೆಯವರು ಬೇರೆ ಏನನ್ನೋ ಕೇಳಿದರು ಎಂದಾಯಿತು. ಆ ಹನ್ನೆರಡು ಮನೆಯವರನ್ನು ‘ನಿಮ್ಮ ಮನಸ್ಸಿನಲ್ಲಿ ಎರಡನೆಯದು ಯಾವುದು, ಮೂರನೆಯದು ಯಾವುದು, ಕಡೆಯದು ಯಾವುದು’ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೀಗೆ ಬರುತ್ತಿತ್ತು ಎಂದುಕೊಳ್ಳಿ. ಕೊಳವೆ ಬಾವಿ ಬೇಕೆಂದ 8 ಮನೆಯವರಿಗೆ ಎರಡನೆಯದು ಕೆರೆ, ಮೂರನೆಯದು ದಾರಿ, ಕಡೆಗೆ ಕಣ. ಕೆರೆ ಬೇಕೆಂದ 5 ಮನೆಯವರಿಗೆ ಆಮೇಲೆ ದಾರಿ, ಆಮೇಲೆ ಕಣ, ಕಡೆಗೆ ಕೊಳವೆ ಬಾವಿ. ದಾರಿ ಬೇಕೆಂದ 4 ಮನೆಯವರಿಗೆ ಆಮೇಲೆ ಕೆರೆ, ಆಮೇಲೆ ಕಣ, ಕಡೆಗೆ ಕೊಳವೆ ಬಾವಿ. ಕಣ ಬೇಕೆಂದ 3 ಮನೆಯವರಿಗೆ ಆಮೇಲೆ ಕೆರೆ, ಆಮೇಲೆ ದಾರಿ, ಕಡೆಗೆ ಕೊಳವೆ ಬಾವಿ.

ಈಗ ಮೊದಲನೆಯದಕ್ಕೆ 4 ಬೀಜ, ಎರಡನೆಯದಕ್ಕೆ 3, ಮೂರನೆಯದಕ್ಕೆ 2, ಕಡೆಯದಕ್ಕೆ 1 ಎಂದು ಎಣಿಸಿ. ಕೆರೆಗೆ 65 ಬೀಜ ಬೀಳುತ್ತದೆ. ದಾರಿಗೆ 53, ಕೊಳವೆ ಬಾವಿಗೆ 44, ಕಣಕ್ಕೆ 38. ಕೈ ಎತ್ತಿದಾಗ ಗೆದ್ದ ಕೊಳವೆ ಬಾವಿ ಇಲ್ಲಿ ಮೂರನೆಯದಾಯಿತು. ಏಕೆಂದರೆ ಎಂಟು ಮನೆಗೆ ಅದು ಮೊದಲನೆಯದಾದರೂ ಹನ್ನೆರಡು ಮನೆಗೆ ಕಟ್ಟಕಡೆಯದು. ಕೆರೆಯಾದರೋ ಎಲ್ಲರಿಗೂ ಮೊದಲನೆಯದು ಇಲ್ಲವೆ ಎರಡನೆಯದು. ಅದನ್ನು ಬೇಡವೆಂದು ಕೆಳಗೆ ತಳ್ಳಿದವರು ಒಬ್ಬರೂ ಇಲ್ಲ. ಜನ ಒಂದೇ, ಮನಸ್ಸು ಒಂದೇ, ಕೇಳಿದ ರೀತಿ ಬೇರೆಯಾದ್ದರಿಂದ ಉತ್ತರವೂ ಬೇರೆಯಾಯಿತು. ಕೇಳುವ ರೀತಿಯಲ್ಲಿಯೇ ಅರ್ಧ ನ್ಯಾಯ ಅಡಗಿದೆ ಎಂಬುದನ್ನು ಮರೆಯಬೇಡಿ.

ಇದು ಹೊಸ ಲೆಕ್ಕವಲ್ಲ. ಫ್ರಾನ್ಸ್ ದೇಶದಲ್ಲಿ ಬೋರ್ಡಾ ಎಂಬ ಗಣಿತಜ್ಞರು 1770ರಲ್ಲಿಯೇ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಈ ಕ್ರಮವನ್ನು ಇಟ್ಟರು. ನಮ್ಮ ದೇಶದ ಹಳ್ಳಿಗಳಲ್ಲಿ ಬೀಜ, ಕಲ್ಲುಹರಳು, ನೆಲದ ಮೇಲಿನ ಗೆರೆ ಇವುಗಳಿಂದ ಊರವರೇ ತಮ್ಮ ಅಗತ್ಯಗಳನ್ನು ಸಾಲಿಡುವ ಪದ್ಧತಿ 1990ರ ಸುಮಾರಿನಿಂದ ಹರಡಿತು. ನಮ್ಮ ಕರ್ನಾಟಕದ ಮೈರಾಡ ಸಂಸ್ಥೆ ಇದರಲ್ಲಿ ಮುಂದಾಗಿ ಕೆಲಸ ಮಾಡಿತು. ನಮ್ಮ ಪಂಚಾಯತ್ ರಾಜ್ ಕಾನೂನು, ಅಂದರೆ 1993ರ ಅಧಿನಿಯಮವೂ, ವಾರ್ಡಿನಲ್ಲಿ ಆಗಬೇಕಾದ ಕೆಲಸಗಳನ್ನು ಸೂಚಿಸಿ ಅವುಗಳ ಆದ್ಯತೆಯನ್ನು ಗೊತ್ತುಮಾಡುವ ಕೆಲಸವನ್ನು ವಾರ್ಡು ಸಭೆಗೇ ಕೊಟ್ಟಿದೆ. ಹಾಗಾಗಿ ಇದು ನಿಮ್ಮ ಹಕ್ಕಿನ ಮಾತೂ ಹೌದು.

ಇನ್ನು ಮಾಡುವ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಯಾರು ಕೂಡಬೇಕು ಎಂಬುದು. ಕೆರೆಯ ಮಾತಾದರೆ ಅಚ್ಚುಕಟ್ಟಿನ ಜಮೀನುದಾರರು ಮಾತ್ರ ಕೂತರೆ ಸಾಲದು. ದನ ಕುರಿ ನೀರಿಗೆ ಬಿಡುವವರು, ಬಟ್ಟೆ ಒಗೆಯುವ ಹೆಂಗಸರು, ಮೀನು ಹಿಡಿಯುವವರು, ಗುತ್ತಿಗೆಗೆ ಮಾಡುವವರು, ಕೂಲಿಯವರು, ಕೆರೆಯಂಗಳದಲ್ಲಿ ಬೇಸಗೆ ಬೆಳೆ ಇಡುವವರು, ಇವರೆಲ್ಲರಿಗೂ ಕೆರೆ ಬೇಕು. ಹಟ್ಟಿಯವರನ್ನೂ ಕೇರಿಯವರನ್ನೂ ಬಿಟ್ಟು ಮಾಡಿದ ತೀರ್ಮಾನ ಊರಿನ ತೀರ್ಮಾನ ಅಲ್ಲ. ಸಭೆಯ ಹೊತ್ತನ್ನೂ ನೋಡಿ ಇಡಿ. ಹಾಲು ಕರೆಯುವ ಹೊತ್ತಿಗೆ, ಒಲೆ ಹಚ್ಚುವ ಹೊತ್ತಿಗೆ ಸಭೆ ಕರೆದು ‘ಹೆಂಗಸರು ಬರಲೇ ಇಲ್ಲ’ ಎನ್ನುವುದು ಸರಿಯಲ್ಲ.

ಎರಡನೆಯದು, ಪಟ್ಟಿ ಮಾಡುವುದು. ಯಾರು ಏನು ಹೇಳಿದರೂ ಮೊದಲು ಬರೆದುಕೊಳ್ಳಿ. ಆ ಹೊತ್ತಿನಲ್ಲಿ ನಗುವುದೂ ಬೇಡ, ತಳ್ಳಿಹಾಕುವುದೂ ಬೇಡ. ಆಮೇಲೆ ಸೋಸಿ. ಒಂದೇ ಬಗೆಯ ಎರಡು ಕೆಲಸಗಳಿದ್ದರೆ ಒಂದು ಮಾಡಿ. ಕೊಳವೆ ಬಾವಿಯನ್ನು ಮೇಲಿನ ಜಾಗಕ್ಕೊಂದು, ಕೆಳಗಿನ ಜಾಗಕ್ಕೊಂದು ಎಂದು ಎರಡು ಮಡಕೆ ಇಟ್ಟರೆ ಬೀಜದ ಲೆಕ್ಕ ಏರುಪೇರಾಗುತ್ತದೆ. ಕೈಯಲ್ಲಿರುವ ಹಣಕ್ಕೆ ಆಗದ್ದನ್ನು, ಅನುಮತಿ ಸಿಗದ್ದನ್ನು ತೆಗೆದುಹಾಕಿ. ಅಂತರ್ಜಲ ಬತ್ತಿದ ತಾಲ್ಲೂಕೆಂದು ಸರ್ಕಾರ ಗೊತ್ತುಮಾಡಿದ ಕಡೆ ಕೊಳವೆ ಬಾವಿ ತೆಗೆಸಲು ಮೊದಲೇ ಅನುಮತಿ ಬೇಕು. ಕೆರೆ ಯಾರ ವಶದಲ್ಲಿದೆ ಎಂಬುದನ್ನು ಪಂಚಾಯಿತಿಯಲ್ಲಿ ವಿಚಾರಿಸಿಕೊಳ್ಳಿ. ಗೆದ್ದಮೇಲೆ ‘ಇದು ಆಗುವುದಿಲ್ಲ’ ಎಂದು ತಿಳಿದರೆ ಜನರ ಉತ್ಸಾಹ ತಣ್ಣಗಾಗುತ್ತದೆ. ಪಟ್ಟಿಯಲ್ಲಿ ನಾಲ್ಕೈದು ಉಳಿದರೆ ಸಾಕು, ಆರಕ್ಕಿಂತ ಹೆಚ್ಚು ಬೇಡ.

ಮೂರನೆಯದು, ಅಳತೆಗೋಲು. ಬೀಜ ಹಾಕುವ ಮೊದಲು ಈ ಪ್ರಶ್ನೆಗಳನ್ನು ಎಲ್ಲರ ಮುಂದೆ ಇಡಿ. ಈ ಕೆಲಸದಿಂದ ಎಷ್ಟು ಮನೆಗೆ ಅನುಕೂಲ? ಎಷ್ಟು ವರ್ಷ ಬಾಳುತ್ತದೆ? ಕೆಟ್ಟರೆ ರಿಪೇರಿ ಮಾಡುವವರು ಯಾರು, ಅದರ ಖರ್ಚು ಯಾರದು? ಈ ವರ್ಷ ಮಾಡದೆ ಬಿಟ್ಟರೆ ನಷ್ಟವೇನು? ಇದರಿಂದ ಯಾರಿಗಾದರೂ ಕೇಡಾಗುತ್ತದೆಯೆ? ಕೊಳವೆ ಬಾವಿಯಾದರೆ ನೀರು ಸಿಗದೆ ಹೋಗುವ ಸಂಭವ ಉಂಟು, ಕರೆಂಟು ಮೋಟಾರಿನ ಖರ್ಚು ಉಂಟು. ಕೆರೆಯಾದರೆ ಹೂಳು ಹೊಲಕ್ಕೆ ಬರುತ್ತದೆ, ಕೆಂಪು ಮಣ್ಣಿನ ಹೊಲ ತೇವ ಹಿಡಿದುಕೊಳ್ಳುತ್ತದೆ. ಆದರೆ ಮಳೆಯೇ ಬಾರದಿದ್ದರೆ ಮೊದಲ ವರ್ಷ ಕೆರೆ ಬರಿದೇ. ಎರಡು ಕಡೆಯದನ್ನೂ ಮುಚ್ಚಿಡದೆ ಹೇಳಬೇಕು.

ನಾಲ್ಕನೆಯದು, ಬೀಜ ಹಾಕುವುದು. ಕಾಗದದ ಸಣ್ಣ ಪೊಟ್ಟಣಗಳನ್ನು ಮೊದಲೇ ಕಟ್ಟಿಡಿ. ಮನೆಗೆ ನಾಲ್ಕು ಪೊಟ್ಟಣ. ಒಂದರಲ್ಲಿ 4 ಹುಣಸೆ ಬೀಜ, ಒಂದರಲ್ಲಿ 3, ಒಂದರಲ್ಲಿ 2, ಒಂದರಲ್ಲಿ 1. ಇಪ್ಪತ್ತು ಮನೆಗೆ 80 ಪೊಟ್ಟಣ, 200 ಬೀಜ. ಒಳಕೋಣೆಯಲ್ಲೋ ಮರೆಯಲ್ಲೋ ನಾಲ್ಕು ಮಡಕೆ ಇಡಿ. ಓದು ಬಾರದವರಿಗೂ ತಿಳಿಯುವಂತೆ ಕೆರೆಯ ಮಡಕೆಯ ಮುಂದೆ ಒಂದು ಹಿಡಿ ಹೂಳು, ಕೊಳವೆ ಬಾವಿಯ ಮುಂದೆ ಒಂದು ಪೈಪಿನ ತುಂಡು, ದಾರಿಯ ಮುಂದೆ ಒಂದು ಜಲ್ಲಿಕಲ್ಲು, ಕಣದ ಮುಂದೆ ನಾಲ್ಕು ರಾಗಿ ತೆನೆ ಇಟ್ಟರಾಯಿತು. ಒಬ್ಬೊಬ್ಬರೇ ಹೋಗಿ, ಒಂದೊಂದು ಮಡಕೆಗೆ ಒಂದೊಂದೇ ಪೊಟ್ಟಣ ಹಾಕಿ ಬರಬೇಕು.

ಮರೆ ಏಕೆ ಎಂದು ಕೇಳಬಹುದು. ಯಜಮಾನರು, ‘ನನಗನಿಸುತ್ತದೆ ಬಾವಿಯೇ ಮೇಲು’ ಎಂದ ಮೇಲೆ ಅವರ ಹತ್ತಿರ ಕೂಲಿಗೆ ಹೋಗುವವನು ಎದುರಿಗೆ ‘ಇಲ್ಲ ಬುದ್ಧಿ, ಕೆರೆ ಮೇಲು’ ಎಂದು ಹೇಳುವುದುಂಟೆ? ಅತ್ತೆಯ ಎದುರಿಗೆ ಸೊಸೆ ಹೇಳುತ್ತಾಳೆಯೆ? ದೊಡ್ಡವರು ತಪ್ಪು ತಿಳಿಯಬಾರದು. ನಿಮ್ಮ ಅನುಭವ ಊರಿಗೆ ಬೇಕು. ಆದರೆ ಬೀಜ ಬಿದ್ದಾದ ಮೇಲೆ ಆ ಮಾತು ಬರಲಿ. ಸಾಧ್ಯವಾದರೆ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಮಡಕೆ ಇಟ್ಟು ಎಣಿಸಿ. ಒಂದೇ ಮನೆಯಲ್ಲಿ ಅವರ ಸಾಲು ಒಂದು ಬಗೆ, ಇವರ ಸಾಲು ಇನ್ನೊಂದು ಬಗೆ ಇರುವುದುಂಟು. ಅದು ಜಗಳಕ್ಕೆ ಕಾರಣವಾಗಬೇಕಿಲ್ಲ, ತಿಳಿದುಕೊಳ್ಳಲು ಒಂದು ದಾರಿಯಾಗುತ್ತದೆ.

ಐದನೆಯದು, ಎಣಿಕೆ. ಇದು ಮಾತ್ರ ಮರೆಯಲ್ಲಿ ಬೇಡ. ಜಗಲಿಯ ಮೇಲೆ, ಎಲ್ಲರ ಕಣ್ಣೆದುರಿಗೆ ಆಗಬೇಕು. ಮೊದಲು ಪೊಟ್ಟಣ ಎಣಿಸಿ. ಪ್ರತಿ ಮಡಕೆಯಲ್ಲಿಯೂ ಸರಿಯಾಗಿ 20 ಪೊಟ್ಟಣ ಇರಬೇಕು. ಒಂದರಲ್ಲಿ 21, ಇನ್ನೊಂದರಲ್ಲಿ 19 ಇದ್ದರೆ ಯಾರೋ ಒಂದೇ ಮಡಕೆಗೆ ಎರಡು ಹಾಕಿದ್ದಾರೆ ಎಂದರ್ಥ, ಮತ್ತೆ ಹಾಕಿಸಿ. ಆಮೇಲೆ ಬಿಚ್ಚಿ ಬೀಜ ಎಣಿಸಿ. ಒಟ್ಟು 200 ಬರಬೇಕು. ಮೇಲಿನ ಲೆಕ್ಕದಲ್ಲಿ 65, 53, 44, 38 ಕೂಡಿಸಿ ನೋಡಿ, 200 ಆಗುತ್ತದೆ. ಈ ತಾಳೆ ಇದ್ದರೆ ‘ಎಣಿಕೆಯಲ್ಲಿ ಮೋಸ’ ಎಂಬ ಮಾತಿಗೆ ಎಡೆಯಿರುವುದಿಲ್ಲ. ಸಮಸಮ ಬಂದರೆ ಏನು ಮಾಡಬೇಕು ಎಂಬುದನ್ನೂ ಎಣಿಸುವ ಮೊದಲೇ ಗೊತ್ತುಮಾಡಿಕೊಳ್ಳಿ. ಆಮೇಲೆ ನಿಯಮ ಮಾಡಹೊರಟರೆ ಪ್ರತಿಯೊಬ್ಬರೂ ತಮಗೆ ಬೇಕಾದ ನಿಯಮವನ್ನೇ ಹೇಳುತ್ತಾರೆ.

ಈ ಕ್ರಮದಲ್ಲಿ ಒಂದು ಕೊರತೆಯೂ ಇದೆ, ಅದನ್ನು ಹೇಳಲೇಬೇಕು. ಜಾಣರು ಕೆಲವರು ತಮ್ಮ ಕೆಲಸಕ್ಕೆ ಪೈಪೋಟಿ ಕೊಡುವ ಕೆಲಸವನ್ನು ಬೇಕೆಂದೇ ಕಡೆಗೆ ತಳ್ಳಬಹುದು. ಅದಕ್ಕಾಗಿ ಇನ್ನೊಂದು ಪರೀಕ್ಷೆ ಮಾಡಿ. ಎರಡೆರಡನ್ನೇ ಜೋಡಿ ಮಾಡಿ ಕೇಳಿ: ‘ಕೆರೆಯೋ, ಬಾವಿಯೋ?’ ‘ಕೆರೆಯೋ, ದಾರಿಯೋ?’ ನಾಲ್ಕು ಕೆಲಸಕ್ಕೆ ಆರು ಜೋಡಿ, ಐದಕ್ಕೆ ಹತ್ತು ಜೋಡಿ ಆಗುತ್ತವೆ. ನಮ್ಮ ಲೆಕ್ಕದ ಊರಿನಲ್ಲಿ ಕೆರೆ ಬಾವಿಯನ್ನು 12ಕ್ಕೆ 8ರಂತೆ, ದಾರಿಯನ್ನು 16ಕ್ಕೆ 4ರಂತೆ, ಕಣವನ್ನು 17ಕ್ಕೆ 3ರಂತೆ ಸೋಲಿಸುತ್ತದೆ. ಬೀಜವೂ ಜೋಡಿಯೂ ಒಂದೇ ಮಾತು ಹೇಳಿದರೆ ಧೈರ್ಯವಾಗಿ ಮುಂದುವರಿಯಬಹುದು. ಅಪರೂಪಕ್ಕೆ ಒಂದು ಎರಡನ್ನು ಸೋಲಿಸಿ, ಎರಡು ಮೂರನ್ನು ಸೋಲಿಸಿ, ಮೂರು ತಿರುಗಿ ಒಂದನ್ನು ಸೋಲಿಸುವುದೂ ಉಂಟು, ಗಾಣದ ಎತ್ತು ಸುತ್ತಿದ ಹಾಗೆ. ಇದನ್ನು ಫ್ರಾನ್ಸಿನವರೇ ಆದ ಕೊಂಡೊರ್ಸೆ 1785ರಲ್ಲಿ ತೋರಿಸಿಕೊಟ್ಟರು. ಹಾಗಾದರೆ ಗಾಬರಿ ಬೇಡ. ಊರಿಗೆ ಇನ್ನೂ ಮಾತು ಬೇಕಾಗಿದೆ ಎಂದು ತಿಳಿದು ಮತ್ತೊಂದು ದಿನ ಕೂಡಿ.

ಈಗ ಬಹಳ ಮುಖ್ಯವಾದ ಆರನೆಯ ಮಾತು. ಬೀಜ ಎಣಿಸಿದ ಕೂಡಲೇ ಎದ್ದು ಹೋಗಬೇಡಿ. ಬೀಜ ಎಣಿಸಿದ್ದು ತೀರ್ಮಾನವಲ್ಲ. ತೀರ್ಮಾನದ ಮಾತು ಶುರುವಾಗುವುದೇ ಅಲ್ಲಿಂದ. ಸೋತವರನ್ನು ಮೊದಲು ಕೇಳಿ: ‘ಬಾವಿ ಏಕೆ ಬೇಕಾಗಿತ್ತಪ್ಪ?’ ‘ಬೇಸಗೆಯಲ್ಲಿ ದನಗಳಿಗೆ ನೀರಿಲ್ಲ ಸ್ವಾಮಿ’ ಎನ್ನಬಹುದು. ಆಗ ಈಗಿರುವ ನೀರಿನ ಮೂಲದಿಂದಲೇ ಒಂದು ದನದ ತೊಟ್ಟಿಗೆ ವ್ಯವಸ್ಥೆ ಮಾಡಬಹುದಲ್ಲವೆ? ಕೆರೆಯಂಗಳದಲ್ಲಿ ಬೆಳೆ ಇಟ್ಟವರು ‘ನಮ್ಮ ಪೈರು?’ ಎನ್ನಬಹುದು. ಕಟಾವಾದ ಮೇಲೆಯೇ ಹೂಳು ತೆಗೆಯೋಣ ಎಂದು ಒಪ್ಪಬಹುದು. ಹೂಳು ಯಾರಿಗೆ ಎಷ್ಟು ಗಾಡಿ, ಸರದಿ ಹೇಗೆ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಬಹುದು. ಇಲ್ಲವಾದರೆ ಟ್ರ್ಯಾಕ್ಟರು ಇದ್ದವರ ಹೊಲಕ್ಕೇ ಎಲ್ಲ ಹೂಳೂ ಹೋಗುತ್ತದೆ. ಏರಿಯ ಬುಡವನ್ನು ಅಗೆಯಬಾರದು, ತಳದ ಜೇಡಿ ಪದರವನ್ನು ಒಡೆಯಬಾರದು, ಒಡೆದರೆ ನೀರು ಇಂಗಿಹೋಗಿ ಕೆರೆ ನಿಲ್ಲದು ಎಂಬ ಷರತ್ತನ್ನೂ ಸೇರಿಸಿ. ಎರಡನೆಯದಾಗಿ ಬಂದ ದಾರಿಯ ಕೆಲಸ ಮುಂದಿನ ವರ್ಷ ಮೊದಲನೆಯದು ಎಂದು ಈಗಲೇ ಬರೆದಿಡಿ.

ಇಷ್ಟಾದ ಮೇಲೆ ಒಂದು ಸುತ್ತು ಕೇಳಿ. ಮೂರು ಬಗೆಯ ಉತ್ತರ ಬರಬಹುದು. ‘ಒಪ್ಪಿಗೆ’ ಎನ್ನುವವರು ಕೆಲವರು. ‘ನನ್ನ ಮನಸ್ಸು ಪೂರ್ತಿ ಇಲ್ಲ, ಆದರೆ ಅಡ್ಡ ಬರುವುದಿಲ್ಲ, ಕೆಲಸಕ್ಕೆ ಬರುತ್ತೇನೆ’ ಎನ್ನುವವರು ಕೆಲವರು. ‘ಇದು ನನಗೆ ಆಗದು’ ಎನ್ನುವವರೂ ಇರಬಹುದು. ಅವರು ಕಾರಣ ಹೇಳಬೇಕು, ಮಿಕ್ಕವರು ಕಿವಿಗೊಟ್ಟು ಕೇಳಬೇಕು. ಒಮ್ಮತವೆಂದರೆ ಎಲ್ಲರ ಆಸೆಯೂ ಒಂದೇ ಆಗುವುದಲ್ಲ. ಇಪ್ಪತ್ತು ಮನೆಗೆ ಒಂದೇ ಆಸೆ ಎಲ್ಲಿಯೂ ಇರುವುದಿಲ್ಲ. ಎಲ್ಲರೂ ಹೆಗಲು ಕೊಡಬಲ್ಲಂಥ ಒಂದು ಮಾತಿಗೆ ಬರುವುದೇ ಒಮ್ಮತ. ಬಂದ ಮಾತನ್ನು ಷರತ್ತುಗಳ ಸಮೇತ ನಡಾವಳಿ ಪುಸ್ತಕದಲ್ಲಿ ಬರೆದು, ಓದಿ ಹೇಳಿ, ಎಲ್ಲರ ರುಜುವನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಳ್ಳಿ.

ಇದೇ ಕ್ರಮ ಬೇಸಾಯದ ಮಾತಿಗೂ ಬರುತ್ತದೆ. ಊರಿನವರೆಲ್ಲ ಕೂಡಿ ರಾಗಿಯ ಯಾವ ತಳಿ ಬಿತ್ತನೆಗೆ ತರಿಸಬೇಕು ಎಂದಿದ್ದರೆ, ನೆಲದ ಮೇಲೆ ಮನೆಗಳ ಗೆರೆ ಎಳೆಯಿರಿ. ಮೇಲ್ಗಡೆ ತಳಿಗಳ ಹೆಸರು; ಪಕ್ಕದಲ್ಲಿ ಇಳುವರಿ, ಹುಲ್ಲು, ಬೆಂಕಿ ರೋಗ ತಡೆಯುವ ಶಕ್ತಿ, ಎಷ್ಟು ದಿನಕ್ಕೆ ಕಟಾವು, ಮುದ್ದೆಯ ರುಚಿ ಎಂದು ಬರೆಯಿರಿ. ಒಂದೊಂದು ಮನೆಗೂ ತಕ್ಕಷ್ಟು ಬೀಜ ಇಡುತ್ತ ಹೋಗಿ. ಇಳುವರಿಯಲ್ಲಿ ಮೊದಲು ಬಂದ ತಳಿ ಹುಲ್ಲಿನಲ್ಲಿ ಹಿಂದೆ ಬೀಳಬಹುದು. ಎರಡು ಹಸು ಕಟ್ಟಿಕೊಂಡ ಮನೆಗೆ ಹುಲ್ಲೇ ಅರ್ಧ ಬೆಳೆ. ತೂಕದ ಲೆಕ್ಕದಲ್ಲಿ ಮರೆಯಾಗುವ ಇಂಥ ಮಾತು ನೆಲದ ಮೇಲಿನ ಬೀಜದಲ್ಲಿ ಕಣ್ಣಿಗೆ ಕಾಣುತ್ತದೆ.

ಕಡೆಯದಾಗಿ ಒಂದು ಎಚ್ಚರಿಕೆಯ ಮಾತು. ಎಲ್ಲವನ್ನೂ ಮಡಕೆಗೆ ಹಾಕಬೇಡಿ. ಊರಿನ ಅಂಚಿನ ಐದು ಮನೆಗಳಿಗೆ ಕುಡಿಯುವ ನೀರಿಲ್ಲ ಎಂದಿಟ್ಟುಕೊಳ್ಳಿ. ಅದನ್ನು ಕೆರೆ, ದಾರಿ, ಕಣಗಳ ಜೊತೆ ಸಾಲಿಗಿಟ್ಟರೆ ಹದಿನೈದು ಮನೆಯವರು ಅದನ್ನು ಕಡೆಗೆ ತಳ್ಳಿಬಿಡುತ್ತಾರೆ. ಅವರು ಕೆಟ್ಟವರಲ್ಲ, ಅವರ ಮನೆಯ ಕೊಡ ತುಂಬಿದೆ, ಅಷ್ಟೇ. ಐದು ಮನೆಯ ಬಾಯಾರಿಕೆಯನ್ನು ಹದಿನೈದು ಮನೆಯ ಅನುಕೂಲದಿಂದ ತೂಗಲಾಗದು. ಜೀವಕ್ಕೆ ಬೇಕಾದ್ದನ್ನು, ಕಾನೂನು ಕೊಟ್ಟ ಹಕ್ಕನ್ನು ಮೊದಲೇ ಬದಿಗೆ ತೆಗೆದು ಅದಕ್ಕೆ ಬೇರೆ ದಾರಿ ಮಾಡಿ. ಅನುಕೂಲದ ಕೆಲಸಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಮಾತ್ರ ಬೀಜದ ಲೆಕ್ಕ.

ರೈತ ಬಾಂಧವರೆ, ಮುಂದಿನ ಸಂಘದ ಸಭೆಯಲ್ಲಿ ಒಂದು ಚಿಕ್ಕ ವಿಷಯಕ್ಕೆ ಇದನ್ನು ಮಾಡಿ ನೋಡಿ. ಕೈ ಹದವಾದ ಮೇಲೆ ದೊಡ್ಡ ಕೆಲಸಕ್ಕೆ ತನ್ನಿ. ಪೊಟ್ಟಣ ಕಟ್ಟುವುದನ್ನು ಶಾಲೆಯ ಮಕ್ಕಳಿಗೆ ಒಪ್ಪಿಸಿ. ಲೆಕ್ಕ ತಾಳೆ ನೋಡುವುದನ್ನೂ ಅವರೇ ಕಲಿಯುತ್ತಾರೆ. ಎಷ್ಟು ಬೀಜ ಯಾವ ಮಡಕೆಗೆ ಬಿತ್ತು ಎಂಬುದನ್ನು ಬರೆದು ಸಂಘದ ಪೆಟ್ಟಿಗೆಯಲ್ಲಿಡಿ. ಮುಂದಿನ ವರ್ಷ ಅದನ್ನು ತೆಗೆದು, ಆರಿಸಿದ ಕೆಲಸ ಹೇಗಾಯಿತು, ಕೊಟ್ಟ ಮಾತು ಉಳಿಯಿತೆ ಎಂದು ನೋಡಿ. ಹೂಳು ತುಂಬಿದ ಕೆರೆಗೆ ಎಷ್ಟು ಮಳೆ ಬಂದರೂ ನೀರು ಕೋಡಿಯ ಮೇಲೆಯೇ ಹರಿದುಹೋಗುತ್ತದೆ. ಮಾತಿಗೆ ಎಡೆಯಿಲ್ಲದ ಸಭೆಗೆ ಎಷ್ಟು ಹಣ ಬಂದರೂ ಅದೇ ಗತಿ.

ಸಂದೇಹವಿದ್ದವರು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.